ಬಳ್ಳಾರಿ, ಕೊಪ್ಪಳದಿಂದ ದೂಧಸಾಗರದ ಘಟ್ಟಕ್ಕೆ ಹಗಲು ರೈಲು: ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆಗಾಲ ಹಿಡಿಯಿತೆಂದರೆ ಕೊಪ್ಪಳದ ನಮ್ಮ ಮನೆಗೆ ಒಂದೇ ವಿಷಯಕ್ಕೆ ಫೋನ್ ಬರುತ್ತದೆ. ಬಳ್ಳಾರಿಯ ಬೀಗರು, ಸಿಂಧನೂರಿನ ಗೆಳೆಯರು, ಗಂಗಾವತಿಯಲ್ಲಿರುವ ತಂಗಿಯ ನೆರೆಮನೆಯವರು, ಎಲ್ಲರೂ ಕೇಳುವುದು ಒಂದೇ: ರೈಲಿನಲ್ಲಿ ಕುಳಿತು ಘಟ್ಟ ನೋಡಿಕೊಂಡು ಬರುವುದು ಹೇಗೆ? ಹಲವು ಸಲ ಹೋಗಿ ಬಂದವನಾದ್ದರಿಂದ ಗೊತ್ತಿರುವುದನ್ನೆಲ್ಲ ಇಲ್ಲಿ ಬರೆದಿಟ್ಟಿದ್ದೇನೆ. ಕಿಟಕಿ ಪಕ್ಕ ಕುಳಿತು ನೋಡುವುದೇ ಈ ಪ್ರವಾಸ ಎಂದು ಮೊದಲೇ ಒಪ್ಪಿಕೊಂಡುಬಿಟ್ಟರೆ ಉಳಿದದ್ದೆಲ್ಲ ಸುಲಭ.

ಯಾವ ಘಟ್ಟದ ಮಾತು ಇದು?

ಹುಬ್ಬಳ್ಳಿ, ಧಾರವಾಡ, ಲೋಂಡಾ ದಾಟಿ ಗೋವಾಕ್ಕೆ ಇಳಿಯುವ ಮಾರ್ಗ. ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕಿನ ಕ್ಯಾಸಲ್‌ರಾಕ್‌ನಿಂದ ಗೋವಾದ ಕುಲೆಂವರೆಗಿನ ಸುಮಾರು 26 ಕಿಲೋಮೀಟರ್ ನಿಜವಾದ ಘಟ್ಟ. ದೂಧಸಾಗರ ಜಲಪಾತ ಇರುವುದು ಇದರ ನಡುವೆಯೇ. ರೈಲ್ವೆಯವರು ಇದನ್ನು ಬ್ರಗಾಂಝಾ ಘಾಟ್ ಎನ್ನುತ್ತಾರೆ. ಹಳಿ ಹಾಕಿದ ಕಾಲಕ್ಕೆ ಗೋವಾ ಪೋರ್ಚುಗೀಸರ ಕೈಯಲ್ಲಿತ್ತು. ಪೋರ್ಚುಗಲ್ ದೇಶದ ರಾಜಮನೆತನದ ಹೆಸರು ಬ್ರಗಾಂಝಾ.

ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರಬಹುದೇ?

ನಮ್ಮ ಊರುಗಳಿಂದ ಅದು ಕಷ್ಟ. ನೋಡಲು ಬೇಕಾದದ್ದು ಒಂದು ಹಗಲು, ಆದರೆ ಒಂದು ರಾತ್ರಿ ಹೊರಗೆ ಕಳೆಯಬೇಕಾಗುತ್ತದೆ. ನಾನು ಎಲ್ಲರಿಗೂ ಹೇಳುವುದು ಹೀಗೆ: ನಸುಕಿನಲ್ಲಿ ಊರು ಬಿಟ್ಟು ಮಧ್ಯಾಹ್ನದ ಹೊತ್ತಿಗೆ ಗೋವಾ ತಲುಪಿ, ಮಡಗಾಂವ್‌ನಲ್ಲಿ ರಾತ್ರಿ ಉಳಿದು, ಮರುದಿನ ಬೆಳಗಿನ ರೈಲಿಗೆ ಹಿಂತಿರುಗಿ. ಹೀಗೆ ಮಾಡಿದರೆ ಘಟ್ಟವನ್ನು ಇಳಿಯುವಾಗ ಒಮ್ಮೆ, ಹತ್ತುವಾಗ ಒಮ್ಮೆ, ಎರಡು ಸಲ ಹಗಲಿನಲ್ಲಿ ನೋಡಿದಂತಾಗುತ್ತದೆ. ಎರಡೂ ಬೇರೆ ಬೇರೆ ಅನುಭವ. ಇಳಿಯುವಾಗ ಬ್ರೇಕಿನ ಕಿರುಗುಟ್ಟುವಿಕೆ ಕಿವಿ ತುಂಬುತ್ತದೆ. ಹತ್ತುವಾಗ ರೈಲು ಎಷ್ಟು ನಿಧಾನವೆಂದರೆ ಬಂಡೆಗೆ ಅಂಟಿದ ಪಾಚಿ, ಅದರ ನಡುವೆ ಎದ್ದ ಜರೀಗಿಡ, ಎಲೆಯ ತುದಿಯಲ್ಲಿ ನಿಂತ ಹನಿ ಎಲ್ಲವನ್ನೂ ಬಿಡಿಬಿಡಿಯಾಗಿ ನೋಡಬಹುದು.

ರಜೆ ನಿಜಕ್ಕೂ ಒಂದೇ ದಿನ ಇದ್ದರೆ ಹಿಂದಿನ ರಾತ್ರಿಯೇ ಹುಬ್ಬಳ್ಳಿಗೆ ಹೋಗಿ ಉಳಿದು, ಅಲ್ಲಿಂದ ಹೊರಡಿ.

ಯಾವ ರೈಲು?

ನಮ್ಮ ಭಾಗಕ್ಕೆ ಹೇಳಿ ಮಾಡಿಸಿದ್ದು ಕೋಲ್ಕತ್ತಾ ಬಳಿಯ ಶಾಲಿಮಾರ್‌ನಿಂದ ಗೋವಾದ ವಾಸ್ಕೋಗೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ (18047, ಹಿಂತಿರುಗುವಾಗ 18048). ಗುಂತಕಲ್, ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ ಮೇಲೆ ಹಾಯ್ದು ಹೋಗುತ್ತದೆ. ವಾರದಲ್ಲಿ ನಾಲ್ಕು ದಿನ ಓಡುತ್ತದೆ. 2024ರಲ್ಲಿ ಸಿಕಂದರಾಬಾದ್‌ನಿಂದ ವಾಸ್ಕೋಗೆ ಶುರುವಾದ ರೈಲು ಕೂಡ ಇದೇ ದಾರಿಯಲ್ಲಿ ಬರುತ್ತದೆ.

ವೇಳಾಪಟ್ಟಿ ಬದಲಾಗುತ್ತಲೇ ಇರುತ್ತದೆ, ಆದ್ದರಿಂದ ಹೊರಡುವ ಮುನ್ನ 139ಕ್ಕೆ ಕರೆ ಮಾಡಿ ಅಥವಾ ರೈಲ್ವೆಯ ಆ್ಯಪ್‌ನಲ್ಲಿ ನೋಡಿ. ನೋಡುವಾಗ ಒಂದು ಮಾತು ನೆನಪಿರಲಿ. ಎಲ್ಲರೂ ತಮ್ಮ ಊರಿನ ಸಮಯ ನೋಡುತ್ತಾರೆ. ನೀವು ಕ್ಯಾಸಲ್‌ರಾಕ್‌ನ ಸಮಯ ನೋಡಿ. ಅಲ್ಲಿಂದ ಕುಲೆಂವರೆಗೆ ಹಗಲಿನ ಬೆಳಕು ಇದ್ದರೆ ಮಾತ್ರ ಆ ರೈಲು ನಿಮಗೆ ಉಪಯೋಗ. ರಾತ್ರಿ ಘಟ್ಟ ಇಳಿಯುವ ರೈಲುಗಳೂ ಇವೆ. ಅವುಗಳಲ್ಲಿ ಕಿಟಕಿಯಾಚೆ ಕಾಣುವುದು ನಿಮ್ಮದೇ ಮುಖ.

ಟಿಕೆಟ್ ಮೇಲಿನ ದಿನಾಂಕದಲ್ಲಿ ಎಡವುವುದು ಎಲ್ಲಿ?

ಇದನ್ನು ಯಾರೂ ಕೇಳುವುದಿಲ್ಲ, ಆದರೂ ಹೇಳಲೇಬೇಕು. ಗೋವಾ ಕಡೆಗೆ ಹೋಗುವ ಅಮರಾವತಿ ನಮ್ಮ ನಿಲ್ದಾಣಗಳಿಗೆ ಬರುವುದು ಮಧ್ಯರಾತ್ರಿ ದಾಟಿದ ಮೇಲೆ. ರೈಲ್ವೆಯ ಲೆಕ್ಕದಲ್ಲಿ ರಾತ್ರಿ ಹನ್ನೆರಡಕ್ಕೆ ತಾರೀಖು ಬದಲಾಗುತ್ತದೆ. ಬಳ್ಳಾರಿಯಿಂದ 12ನೇ ತಾರೀಖಿಗೆ ಟಿಕೆಟ್ ಇದ್ದರೆ ನೀವು ನಿಲ್ದಾಣಕ್ಕೆ ಹೊರಡಬೇಕಾದದ್ದು 11ರ ರಾತ್ರಿ ಊಟ ಮುಗಿಸಿ.

ನಮ್ಮ ಓಣಿಯ ಒಂದು ಕುಟುಂಬ, ಮಕ್ಕಳು ಮುದುಕರು ಸೇರಿ ಏಳು ಜನ, 12ರ ರಾತ್ರಿ ಹನ್ನೊಂದಕ್ಕೆ ರೊಟ್ಟಿ ಬುತ್ತಿ ಕಟ್ಟಿಕೊಂಡು ಪ್ಲಾಟ್‌ಫಾರ್ಮ್‌ನಲ್ಲಿ ಕುಳಿತಿದ್ದರು. ಅವರ ರೈಲು ಅಂದು ನಸುಕಿನಲ್ಲೇ ಹೋಗಿಯಾಗಿತ್ತು. ಮಕ್ಕಳು ಅಲ್ಲೇ ಕಲ್ಲು ಬೆಂಚಿನ ಮೇಲೆ ನಿದ್ದೆ ಹೋಗಿದ್ದರು. ಅವರನ್ನು ಹೆಗಲ ಮೇಲೆ ಹಾಕಿಕೊಂಡು ಮನೆಗೆ ಮರಳಿದರು. ಟಿಕೆಟ್ ಬುಕ್ ಮಾಡಿದ ದಿನವೇ ಕ್ಯಾಲೆಂಡರಿನಲ್ಲಿ ಹಿಂದಿನ ದಿನದ ಚೌಕದಲ್ಲಿ "ಇಂದು ರಾತ್ರಿ ಸ್ಟೇಷನ್" ಎಂದು ಬರೆದಿಡಿ.

ರಾಯಚೂರು, ಸಿಂಧನೂರು, ಗಂಗಾವತಿ ಕಡೆಯವರು ಏನು ಮಾಡಬೇಕು?

ಗಿಣಿಗೇರಾದಿಂದ ಕವಲೊಡೆದ ಮಾರ್ಗ ಗಂಗಾವತಿ, ಕಾರಟಗಿ ದಾಟಿ 2024ರಲ್ಲಿ ಸಿಂಧನೂರು ಮುಟ್ಟಿದೆ. ಆ ಕಡೆಯವರು ಹುಬ್ಬಳ್ಳಿಗೆ ನೇರವಾಗಿ ಬಂದು ಅಲ್ಲಿಂದ ರೈಲು ಬದಲಿಸಬಹುದು. ರಾಯಚೂರು ನಗರದವರಿಗೆ ಈ ರೈಲು ಹಿಡಿಯಲು ಹತ್ತಿರದ ಜಂಕ್ಷನ್ ಗುಂತಕಲ್. ಮುದುಕರಿದ್ದರೆ ಬಸ್ಸಿನಲ್ಲಿ ಹೊಸಪೇಟೆಗೋ ಕೊಪ್ಪಳಕ್ಕೋ ಬಂದು ನೆಂಟರ ಮನೆಯಲ್ಲಿ ಒಂದು ರಾತ್ರಿ ಕಳೆದು ಹೊರಡುವುದೇ ಒಳ್ಳೆಯದು.

ಎಸಿ ಬೋಗಿ ತೆಗೆದುಕೊಳ್ಳಲೇ, ಸ್ಲೀಪರ್ ಸಾಕೇ?

ಸ್ಲೀಪರ್. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಎಸಿ ಬೋಗಿಯ ಗಾಜು ತೆರೆಯುವುದಿಲ್ಲ. ಮಳೆಗಾಲದಲ್ಲಿ ಅದರ ಹೊರಮೈಗೆ ಮಂಜು ಕಟ್ಟಿ ಹಸಿರು ಬಣ್ಣದ ಕಲೆಯಷ್ಟೇ ಉಳಿಯುತ್ತದೆ. ಸ್ಲೀಪರ್ ಬೋಗಿಯಲ್ಲಿ ಕಾಡಿನ ಗಾಳಿ, ಒದ್ದೆ ಮಣ್ಣಿನ ವಾಸನೆ, ನೀರಿನ ಸದ್ದು ಒಳಗೆ ಬರುತ್ತವೆ. ಅದರ ಜೊತೆಗೆ ಮಳೆಯೂ ಬರುತ್ತದೆ, ಆದ್ದರಿಂದ ಒಂದು ಹಳೆಯ ಟವೆಲ್ ಕೈಗೆ ಸಿಗುವಂತಿರಲಿ. ಬುಕ್ ಮಾಡುವಾಗ ಕೆಳಗಿನ ಬರ್ತ್ ಅಥವಾ ಸೈಡ್ ಲೋವರ್ ಕೇಳಿ. ಬೆಳಿಗ್ಗೆ ಆರರ ನಂತರ ಮಧ್ಯದ ಬರ್ತ್ ಇಳಿಸಿ ಎಲ್ಲರೂ ಕುಳಿತುಕೊಳ್ಳಬೇಕೆಂಬುದು ನಿಯಮ. ಯಾರಾದರೂ ಮಲಗಿಯೇ ಇದ್ದರೆ ಸಮಾಧಾನದಿಂದ ಎಬ್ಬಿಸಿ.

ಜಲಪಾತ ಯಾವ ಬದಿಗೆ ಕಾಣುತ್ತದೆ?

ಹಳಿ ಬೆಟ್ಟದ ಮೈಗೆ ಹಾವಿನಂತೆ ಸುತ್ತಿಕೊಂಡಿರುವುದರಿಂದ ಒಂದೇ ಬದಿ ಎಂದು ಹೇಳಲಾಗದು. ರೈಲು ಜಲಪಾತದ ಮಧ್ಯಭಾಗದಲ್ಲಿ ಕಟ್ಟಿದ ಸೇತುವೆಯ ಮೇಲೆಯೇ ಹಾಯುತ್ತದೆ. ಆ ಕ್ಷಣಕ್ಕೆ ಒಂದು ಬದಿಯಲ್ಲಿ ತಲೆಯ ಮೇಲಿನಿಂದ ನೀರು ಧುಮುಕುತ್ತಿರುತ್ತದೆ, ಅದೇ ನೀರು ಸೇತುವೆಯ ಕೆಳಗೆ ನುಗ್ಗಿ ಇನ್ನೊಂದು ಬದಿಯ ಕಣಿವೆಗೆ ಬೀಳುತ್ತದೆ. ತಿರುವು ದಾಟಿದ ಮೇಲೆ ದೂರದಿಂದ ಇಡೀ ಜಲಪಾತ ಕಾಣುವ ಜಾಗವೂ ಇದೆ. ಎದುರು ಬದಿಯವರೊಡನೆ ಧಾರವಾಡದಲ್ಲೇ ಪರಿಚಯ ಮಾಡಿಕೊಂಡು ಪೇಡೆ ಹಂಚಿಕೊಳ್ಳಿ. ಘಟ್ಟದಲ್ಲಿ ಅವರು ನಿಮಗೆ ಜಾಗ ಕೊಡುತ್ತಾರೆ, ನೀವು ಅವರಿಗೆ ಕೊಡಿ.

ದಾರಿಯುದ್ದಕ್ಕೂ ಏನೇನು ನೋಡಬಹುದು?

ಹೋಗುವಾಗ ಗದಗದವರೆಗೆ ಕತ್ತಲೆ. ಗದಗ ಬಿಟ್ಟ ಮೇಲೆ ಹುಲಕೋಟಿ, ಅಣ್ಣಿಗೇರಿಯ ಬಯಲಿನಲ್ಲಿ ಬೆಳಕು ಹರಿಯುತ್ತದೆ. ಎರೆಹೊಲಗಳು ಕಣ್ಣು ಹರಿಯುವಷ್ಟು ದೂರ. ಒಂದು ಬೇವಿನ ಮರ ಕಂಡರೆ ಅದೇ ದೊಡ್ಡದು. ಈ ಬಯಲನ್ನು ನಿದ್ದೆಯಲ್ಲಿ ಕಳೆಯಬೇಡಿ. ಇದನ್ನು ನೋಡಿದ ಕಣ್ಣಿಗೇ ಮುಂದಿನದು ಪೂರ್ತಿ ದಕ್ಕುವುದು.

ಧಾರವಾಡ ಬಿಟ್ಟು ಮುಗದ ದಾಟುತ್ತಿದ್ದಂತೆ ಮಣ್ಣಿನ ಬಣ್ಣ ತಿರುಗುತ್ತದೆ. ಕಪ್ಪು ಹೋಗಿ ಕೆಂಪು ಬರುತ್ತದೆ, ಜೋಳದ ಹೊಲ ಹೋಗಿ ಬತ್ತದ ಗದ್ದೆ ಬರುತ್ತದೆ. ಅಳ್ನಾವರದ ಹೊತ್ತಿಗೆ ಮನೆಗಳಿಗೆ ಚಪ್ಪಟೆ ಮಾಳಿಗೆ ಮಾಯವಾಗಿ ಇಳಿಜಾರು ಹೆಂಚು ಬಂದಿರುತ್ತದೆ. ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕಿ ಬೆಳೆದ ನಮಗೆ, ಮಳೆಗೆ ಹೆದರಿ ಕಟ್ಟಿದ ಸೂರು ನೋಡುವುದೇ ಒಂದು ಪಾಠ. ನಾಗರಗಾಳಿ, ಲೋಂಡಾ, ತಿನೈಘಾಟ್ ಎನ್ನುತ್ತ ಕಾಡು ಹಳಿಯ ಹತ್ತಿರ ಹತ್ತಿರ ಸರಿಯುತ್ತದೆ. ಕ್ಯಾಸಲ್‌ರಾಕ್‌ನಲ್ಲಿ ಮೋಡ ಪ್ಲಾಟ್‌ಫಾರ್ಮ್‌ಗೇ ಇಳಿದಿರುತ್ತದೆ. ಬಳ್ಳಾರಿಗೆ ವರ್ಷಕ್ಕೆ ಬೀಳುವ ಮಳೆ 500 ಮಿಲಿಮೀಟರ್ ಆಸುಪಾಸು. ಕ್ಯಾಸಲ್‌ರಾಕ್ ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಹೊಯ್ಯುವ ಊರುಗಳಲ್ಲಿ ಒಂದು. ಒಂದೇ ಟಿಕೆಟ್‌ನಲ್ಲಿ ಎರಡನ್ನೂ ನೋಡುತ್ತೀರಿ.

ಅಲ್ಲಿಂದ ಸುರಂಗಗಳು. ಬೋಗಿಯೊಳಗೆ ಕತ್ತಲು ಕವಿದಾಗ ಮಕ್ಕಳ ಕೂಗು, ಹೊರಬಂದಾಗ ಎದುರಿಗೆ ಕಣಿವೆ, ಮತ್ತೆ ಕತ್ತಲು. ಕರಂಜೋಳ ದಾಟಿ ದೂಧಸಾಗರ. ಜಲಪಾತದ ಎತ್ತರ ಸುಮಾರು 310 ಮೀಟರ್.

ಮೊದಲ ಸಲ ನಮ್ಮ ಅವ್ವನನ್ನು ಕರೆದುಕೊಂಡು ಹೋಗಿದ್ದೆ. ಸೇತುವೆ ಬಂದಾಗ ಇಡೀ ಬೋಗಿ ಎದ್ದು ನಿಂತು ಕೂಗುತ್ತಿತ್ತು. ಅವ್ವ ಮಾತ್ರ ಕಿಟಕಿಯ ಸರಳುಗಳನ್ನು ಎರಡೂ ಕೈಗಳಿಂದ ಹಿಡಿದು ಕುಳಿತಿದ್ದಳು. ಹನಿಗಳು ಸಿಡಿದು ಮುಖ ಒದ್ದೆಯಾದರೂ ಒರೆಸಿಕೊಳ್ಳಲಿಲ್ಲ. ಸುರಂಗ ಬಂದು ಕತ್ತಲಾದ ಮೇಲೆ ಕೇಳಿದಳು: "ಇಷ್ಟು ನೀರು ಯಾರ ಹೊಲಕ್ಕೆ ಹೋಗುತ್ತದಪ್ಪಾ?" ಇದು ಮಹದಾಯಿಯ ನೀರು, ಗೋವಾದಲ್ಲಿ ಅದನ್ನು ಮಾಂಡವಿ ಎನ್ನುತ್ತಾರೆ, ಪಣಜಿಯ ಹತ್ತಿರ ಸಮುದ್ರ ಸೇರುತ್ತದೆ ಎಂದೆ. ಕುಲೆಂ ಬರುವವರೆಗೂ ಅವಳು ಮಾತನಾಡಲಿಲ್ಲ.

ಕ್ಯಾಸಲ್‌ರಾಕ್‌ನಲ್ಲಿ ರೈಲು ಅಷ್ಟು ಹೊತ್ತು ನಿಲ್ಲುವುದೇಕೆ?

ಅಲ್ಲಿಂದ ಮುಂದಿನ ಇಳಿಜಾರು 37ಕ್ಕೆ 1. ಎಂದರೆ 37 ಮೀಟರ್ ಮುಂದೆ ಹೋದರೆ ಹಳಿ ಒಂದು ಮೀಟರ್ ಕೆಳಗಿಳಿಯುತ್ತದೆ. ರಸ್ತೆಯ ಲೆಕ್ಕದಲ್ಲಿ ಇದು ಏನೂ ಅಲ್ಲ, ಆದರೆ ನುಣುಪಾದ ಕಬ್ಬಿಣದ ಹಳಿಯ ಮೇಲೆ ನುಣುಪಾದ ಕಬ್ಬಿಣದ ಗಾಲಿ ಹಿಡಿತ ಉಳಿಸಿಕೊಳ್ಳಲು ಇದು ಬಹಳ ಕಡಿದು. ಆದ್ದರಿಂದ ಇಳಿಯುವ ಮೊದಲು ಬ್ರೇಕ್ ಪರೀಕ್ಷೆ ನಡೆಯುತ್ತದೆ. ಹತ್ತುವ ರೈಲುಗಳಿಗೆ ಹಿಂದಿನಿಂದ ನೂಕಲು ಹೆಚ್ಚುವರಿ ಇಂಜಿನ್‌ಗಳನ್ನು ಜೋಡಿಸುತ್ತಾರೆ. ಸಿಬ್ಬಂದಿ ಅವನ್ನು ಬ್ಯಾಂಕರ್ ಎನ್ನುತ್ತಾರೆ. ಹಿಂತಿರುಗುವಾಗ ಕೊನೆಯ ಬೋಗಿಗಳಲ್ಲಿ ಸೀಟು ಸಿಕ್ಕಿದ್ದರೆ ಆ ಇಂಜಿನ್‌ಗಳ ಗುಡುಗು ನಿಮ್ಮ ಬೆನ್ನಿಗೇ ಕೇಳಿಸುತ್ತದೆ.

ಇದೇ ಹಳಿಯ ಮೇಲೆ ಎದುರಿನಿಂದ ಕಲ್ಲಿದ್ದಲು ತುಂಬಿದ ಗೂಡ್ಸ್ ರೈಲು ಏದುಸಿರು ಬಿಡುತ್ತ ಹತ್ತಿ ಬರುವುದು ಕಂಡರೆ ಗಮನಿಸಿ. ಮುರಗಾಂವ್ ಬಂದರಿನಲ್ಲಿ ಹಡಗಿನಿಂದ ಇಳಿದ ಕಲ್ಲಿದ್ದಲು ಈ ಘಟ್ಟ ಏರಿ ನಮ್ಮ ತೋರಣಗಲ್ಲಿನ ಉಕ್ಕಿನ ಕುಲುಮೆಗಳಿಗೆ ಹೋಗುತ್ತದೆ. ಬಳ್ಳಾರಿ, ಸಂಡೂರಿನ ಅದಿರು ಬಹುಕಾಲ ಇದೇ ದಾರಿಯಲ್ಲಿ ಇಳಿದು ಸಮುದ್ರ ದಾಟಿತು.

ಈ ಹಳಿ ಹಾಕಿದ್ದು ಯಾವಾಗ?

1880ರ ದಶಕದಲ್ಲಿ, ಮೀಟರ್ ಗೇಜ್‌ನಲ್ಲಿ. ಗೋವಾದ ಬದಿಯನ್ನು ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಸ್ ರೈಲ್ವೆ ಕಟ್ಟಿತು. ನಮ್ಮ ಬದಿಯ ಕಥೆ ಬೇರೆ. 1876–78ರ ಧಾತು–ಈಶ್ವರ ಸಂವತ್ಸರಗಳ ಬರದಲ್ಲಿ ಬಳ್ಳಾರಿ ಸೀಮೆ ಬರಿದಾಗಿತ್ತು. ಹಸಿದ ಊರಿಗೆ ಧಾನ್ಯ ಮುಟ್ಟಿಸಲು ಎತ್ತಿನ ಬಂಡಿ ಸಾಲದು ಎಂಬುದು ಆಗ ಅರಿವಾಯಿತು. 1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ ಹಾಕಿದ ಬರಗಾಲದ ಮಾರ್ಗಗಳಲ್ಲಿ ಬಳ್ಳಾರಿ–ಹೊಸಪೇಟೆ–ಗದಗ ಹಳಿಯೂ ಸೇರಿದೆ. ಆಗ ಬಳ್ಳಾರಿ ಮದರಾಸು ಪ್ರಾಂತ್ಯದಲ್ಲಿತ್ತು, ಕೊಪ್ಪಳ ನಿಜಾಮರ ಸೀಮೆಯಲ್ಲಿ, ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿ, ಕುಲೆಂ ಪೋರ್ಚುಗೀಸರಲ್ಲಿ. ನಾವು ಅರ್ಧ ದಿನದಲ್ಲಿ ಹಾಯುವ ದಾರಿ ನಾಲ್ಕು ಆಡಳಿತಗಳ ಗಡಿ ದಾಟುತ್ತಿತ್ತು. 1961ರವರೆಗೆ ಕ್ಯಾಸಲ್‌ರಾಕ್ ಗಡಿ ನಿಲ್ದಾಣ. ಸುಂಕದವರ ತಪಾಸಣೆ ಅಲ್ಲೇ ನಡೆಯುತ್ತಿತ್ತು. ಘಟ್ಟದ ಹಳಿ ಬ್ರಾಡ್ ಗೇಜ್ ಆದದ್ದು 1990ರ ದಶಕದಲ್ಲಿ.

ದೂಧಸಾಗರದಲ್ಲಿ ಇಳಿದು ಜಲಪಾತದ ಹತ್ತಿರ ಹೋಗಬಹುದೇ?

ಇಳಿಯಬೇಡಿ. ಹುಡುಗರ ಗುಂಪು ಹೊರಟಾಗಲೆಲ್ಲ ನಾನು ಇದನ್ನೇ ಮೂರು ಸಲ ಹೇಳುತ್ತೇನೆ. ಅಲ್ಲಿ ಹಳಿಯ ಒಂದು ಬದಿ ಬಂಡೆ, ಇನ್ನೊಂದು ಬದಿ ಪ್ರಪಾತ. ಜಲಪಾತದ ಅಬ್ಬರದಲ್ಲಿ ಹಿಂದೆ ಬರುವ ಇಂಜಿನ್ನಿನ ಸದ್ದು ಕೇಳಿಸುವುದಿಲ್ಲ. ಸುರಂಗದೊಳಗೆ ರೈಲು ಎದುರಾದರೆ ಸರಿಯಲು ಜಾಗ ಸಿಗುವುದು ಕಷ್ಟ. 2023ರ ಜುಲೈನಲ್ಲಿ ಹಳಿಯ ಮೇಲೆ ಜನ ಮುಗಿಬಿದ್ದಾಗ ನೈರುತ್ಯ ರೈಲ್ವೆ ಬಹಿರಂಗವಾಗಿ ಮನವಿ ಮಾಡಿತು: ಬೋಗಿಯೊಳಗೆ ಕುಳಿತೇ ನೋಡಿ. ಹಳಿಯ ಮೇಲೆ ನಡೆಯುವುದು ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅಪರಾಧ. ಆರು ತಿಂಗಳವರೆಗೆ ಜೈಲು, 1,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ಬಾಗಿಲಲ್ಲಿ ನೇತಾಡುವುದೂ ಬೇಡ. ಮಳೆಯಲ್ಲಿ ಮೆಟ್ಟಿಲು, ಹಿಡಿಕೆ ಎರಡೂ ಜಾರುತ್ತವೆ. ಕಿಟಕಿಯಿಂದ ಕೈ ಹೊರಗೆ ಚಾಚಿ ಫೋಟೋ ತೆಗೆಯಬೇಡಿ. ಸುರಂಗದ ಗೋಡೆ ಬೋಗಿಗೆ ಬಹಳ ಹತ್ತಿರ.

ಜಲಪಾತದ ಬುಡಕ್ಕೇ ಹೋಗಬೇಕೆಂಬ ಆಸೆಯಿದ್ದರೆ ಮಳೆಗಾಲ ಕಳೆದ ಮೇಲೆ ಕುಲೆಂನಿಂದ ಅರಣ್ಯ ಇಲಾಖೆಯ ಅನುಮತಿಯೊಂದಿಗೆ ಹೋಗುವ ಜೀಪುಗಳಿವೆ.

ಯಾವ ತಿಂಗಳು ಒಳ್ಳೆಯದು?

ನೀರು ಹೆಚ್ಚಿರುವುದು ಜುಲೈ, ಆಗಸ್ಟ್‌ನಲ್ಲಿ. ಆದರೆ ಅದೇ ತಿಂಗಳುಗಳಲ್ಲಿ ಮೋಡ ಕವಿದು ಜಲಪಾತ ಪೂರ್ತಿ ಮರೆಯಾಗುವುದೂ ಉಂಟು, ಗುಡ್ಡ ಕುಸಿಯುವುದೂ ಉಂಟು. 2021ರ ಜುಲೈನಲ್ಲಿ ದೂಧಸಾಗರ ಮತ್ತು ಸೋನಾಳಿಯ ನಡುವೆ ಗುಡ್ಡ ಕುಸಿದು ಒಂದು ರೈಲು ಹಳಿ ತಪ್ಪಿತ್ತು. ನನ್ನನ್ನು ಕೇಳಿದರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್. ನೀರೂ ಇರುತ್ತದೆ, ಬಿಸಿಲೂ ಇರುತ್ತದೆ, ದಸರೆ ರಜೆಯೂ ಬರುತ್ತದೆ. ಬೇಸಿಗೆಯಲ್ಲಿ ಜಲಪಾತ ಬಂಡೆಯ ಮೇಲೆ ಎಳೆದ ಗೆರೆಯಂತಾಗುತ್ತದೆ. ಕಾಡು ಮಾತ್ರ ಆಗಲೂ ತಂಪು.

ಟಿಕೆಟ್ ಎಷ್ಟು ಮೊದಲು ತೆಗೆಯಬೇಕು?

ಮುಂಗಡ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ದಸರೆ, ದೀಪಾವಳಿಗೆ ತೆರೆದ ದಿನವೇ ತೆಗೆಯಿರಿ. ಮಡಗಾಂವ್‌ವರೆಗೆ ತೆಗೆದರೆ ಉಳಿಯಲು, ಊಟಕ್ಕೆ, ಮರಳಲು ಎಲ್ಲಕ್ಕೂ ಅನುಕೂಲ. ಐದು ವರ್ಷದೊಳಗಿನ ಮಕ್ಕಳಿಗೆ ಪ್ರತ್ಯೇಕ ಬರ್ತ್ ಬೇಡವೆಂದರೆ ಟಿಕೆಟ್ ಬೇಡ. ಐದರಿಂದ ಹನ್ನೆರಡರವರಿಗೆ ಬರ್ತ್ ಬೇಕಿದ್ದರೆ ಪೂರ್ತಿ ದರ. ಹಿರಿಯರಿಗೆ ಮೊದಲಿದ್ದ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತಿದೆ. ಆನ್‌ಲೈನ್ ಟಿಕೆಟ್ ಕೊನೆಯವರೆಗೂ ವೇಟಿಂಗ್ ಲಿಸ್ಟ್‌ನಲ್ಲೇ ಉಳಿದರೆ ತಾನೇ ರದ್ದಾಗುತ್ತದೆ. ಅದನ್ನು ಹಿಡಿದು ಹತ್ತುವಂತಿಲ್ಲ.

ಊಟಕ್ಕೆ ಏನು ಒಯ್ಯಬೇಕು?

ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಎಣ್ಣೆಗಾಯಿ ಬದನೆ. ರೊಟ್ಟಿ, ಚಟ್ನಿ ಎರಡು ದಿನವೂ ಕೆಡುವುದಿಲ್ಲ. ಆದರೆ ಘಟ್ಟದ ತೇವಕ್ಕೆ ಕಡಕ್ ರೊಟ್ಟಿ ಒಂದೇ ತಾಸಿನಲ್ಲಿ ಮೆತ್ತಗಾಗುತ್ತದೆ, ಡಬ್ಬಿಯ ಮುಚ್ಚಳ ಗಟ್ಟಿಯಾಗಿರಲಿ. ಬಳ್ಳಾರಿಯವರು ಮಂಡಕ್ಕಿ ಒಗ್ಗರಣೆ ಕಟ್ಟಿಕೊಂಡು ಬಂದರೆ ಅದನ್ನು ಹುಬ್ಬಳ್ಳಿಯೊಳಗೆ ಮುಗಿಸಿಬಿಡಿ. ಕುಡಿಯುವ ನೀರು ಹುಬ್ಬಳ್ಳಿಯಲ್ಲೇ ತುಂಬಿಸಿಕೊಳ್ಳಿ. ಲೋಂಡಾ ದಾಟಿದ ಮೇಲೆ ಕೊಳ್ಳಲು ಸಿಗುವುದು ಕಡಿಮೆ. ಖಾಲಿ ಬಾಟಲಿ, ಕಾಗದ, ಚೀಲ ಯಾವುದನ್ನೂ ಕಿಟಕಿಯಿಂದ ಎಸೆಯಬೇಡಿ. ಕ್ಯಾಸಲ್‌ರಾಕ್‌ನ ಸುತ್ತ ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಆಚೆಗೆ ಭಗವಾನ್ ಮಹಾವೀರ ವನ್ಯಧಾಮ. ಮಂಗಗಳಿಗೂ ಏನೂ ಕೊಡಬೇಡಿ.

ಮೊಬೈಲ್ ಸಿಗ್ನಲ್ ಇರುತ್ತದೆಯೇ?

ಘಟ್ಟದಲ್ಲಿ ನೆಚ್ಚುವಂತಿಲ್ಲ. ಲೋಂಡಾದಲ್ಲೇ ಮನೆಗೆ ಫೋನ್ ಮಾಡಿ ಹೇಳಿಬಿಡಿ, ಟಿಕೆಟ್‌ನ ಚಿತ್ರ ಮೊಬೈಲ್‌ನಲ್ಲಿ ಉಳಿಸಿಕೊಳ್ಳಿ.

ಜೋಡಿ ಹಳಿ ಬಂದರೆ ಈ ನೋಟ ಹೋಗುತ್ತದೆಯೇ?

ಹೊಸಪೇಟೆಯಿಂದ ವಾಸ್ಕೋವರೆಗೆ ಜೋಡಿ ಹಳಿ ಹಾಕುವ ಯೋಜನೆಯಿದೆ. ನಮ್ಮ ಬಯಲಿನಲ್ಲಿ ಅದರ ಕೆಲಸ ಕಣ್ಣಿಗೇ ಕಾಣುತ್ತದೆ. ಆದರೆ ಕ್ಯಾಸಲ್‌ರಾಕ್–ಕುಲೆಂ ನಡುವಿನ ಭಾಗಕ್ಕೆ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಕೊಟ್ಟಿದ್ದ ಒಪ್ಪಿಗೆಯನ್ನು ಸುಪ್ರೀಂ ಕೋರ್ಟ್ 2022ರ ಮೇನಲ್ಲಿ ರದ್ದುಪಡಿಸಿತು. ತೋರಣಗಲ್ಲಿನ ಕುಲುಮೆಯಿಂದ ಬದುಕುವ ಮನೆಗಳು ನಮ್ಮಲ್ಲಿ ಸಾವಿರಾರಿವೆ, ಅದನ್ನು ನಾನು ಮರೆತಿಲ್ಲ. ಆದರೂ ಆ ಕಾಡನ್ನು ಇನ್ನಷ್ಟು ಕಡಿಯಬಾರದು ಎಂಬುದೇ ನನ್ನ ಗಟ್ಟಿಯಾದ ಅಭಿಪ್ರಾಯ.

ಸಕಲೇಶಪುರದ ಘಟ್ಟ ಇದಕ್ಕಿಂತ ಚೆನ್ನಾಗಿದೆ ಎನ್ನುತ್ತಾರಲ್ಲ?

ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟ ಉದ್ದ ಹೆಚ್ಚು, 57 ಸುರಂಗಗಳಿವೆ, ಗಾಜಿನ ವಿಸ್ಟಾಡೋಮ್ ಬೋಗಿಯೂ ಇದೆ. ನೋಡಲೇಬೇಕಾದದ್ದು. ಆದರೆ ನಮ್ಮವರಿಗೆ ಅದು ದೂರ. ಇದು ನಮ್ಮ ಊರಿನ ಪ್ಲಾಟ್‌ಫಾರ್ಮ್‌ನಿಂದಲೇ ಸಿಗುತ್ತದೆ.

ಅಷ್ಟು ದೂರ ಆಗದವರಿಗೆ ಹತ್ತಿರದಲ್ಲಿ ಏನಾದರೂ?

ಹೊಸಪೇಟೆಯಿಂದ ಕೊಟ್ಟೂರಿನ ಮೇಲೆ ಹರಿಹರಕ್ಕೆ ಹೋಗುವ ಹಳಿ. ಮರಿಯಮ್ಮನಹಳ್ಳಿಯವರೆಗೆ ಕೆಂಪು ಗುಡ್ಡಗಳ ಸಾಲು. ಮಳೆ ಬಿದ್ದ ವಾರದಲ್ಲಿ ಆ ಗುಡ್ಡಗಳ ಮೇಲೆ ತೆಳುವಾದ ಹಸಿರು ಹೊದಿಕೆ ಬರುತ್ತದೆ, ಅದು ಬಹಳ ದಿನ ನಿಲ್ಲುವುದಿಲ್ಲ.

ಹಿಂತಿರುಗುವಾಗ ಎಚ್ಚರವಾಗಿ ಇರಬೇಕಾದ ಜಾಗ ಯಾವುದು?

ಬಳ್ಳಾರಿಯವರು, ಹೊಸಪೇಟೆಯವರು ಮುನಿರಾಬಾದ್‌ನಲ್ಲಿ ಕಿಟಕಿಗೆ ಬನ್ನಿ. ಎರಡು ದಿನ ನೀರು ನೋಡಿ ತಣಿದ ಕಣ್ಣಿಗೂ ತುಂಗಭದ್ರೆಯ ಸೇತುವೆ ಬೇರೆಯೇ. ಮಳೆಗಾಲದ ಕೊನೆಗೆ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರೆ ಬಂಡೆಗಳ ನಡುವೆ ನದಿ ಬಿಳಿಯಾಗಿ ಹರಿಯುತ್ತಿರುತ್ತದೆ. ಬೋಗಿಯಲ್ಲಿ ಯಾರಾದರೂ ಹಿರಿಯ ಹೆಂಗಸರಿದ್ದರೆ ಒಂದು ನಾಣ್ಯ ಹಣೆಗೆ ಮುಟ್ಟಿಸಿ ಹೊಳೆಗೆ ಹಾಕುವುದನ್ನು ನೋಡುತ್ತೀರಿ. ಕೊಪ್ಪಳದವರಾದ ನಾವು ಅಷ್ಟರಲ್ಲಿ ಇಳಿದು ಮನೆ ಸೇರಿ, ಒದ್ದೆ ಟವೆಲ್‌ಗಳನ್ನು ಮಾಳಿಗೆಯ ಮೇಲೆ ಹರವಿರುತ್ತೇವೆ.